ಲ್ಯಾಬಿನ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕಿನಿಂದಲೇ ಉಬುಂಟು ಹಾಕುವುದು ಹೇಗೆ?

ಪ್ರಶ್ನೆ: ಸರ್, ನಾನು ಉಡುಪಿ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಎರಡು ಲ್ಯಾಬ್ ಸೇರಿ 40 ಕಂಪ್ಯೂಟರ್ ಉಂಟು. ಕ್ಲಾಸ್ ಶುರುವಾಗುವ ಮೊದಲು ಉಬುಂಟು 24.04 ಹಾಕಿ ಮುಗಿಸಬೇಕು. ಕಾಮರ್ಸ್ ಲ್ಯಾಬಿನ 8ರಲ್ಲಿ ಟ್ಯಾಲಿ ಇದೆ, ಅಲ್ಲಿ ವಿಂಡೋಸ್ ಹಾಗೇ ಉಳಿಯಬೇಕು. ಪೆನ್‌ಡ್ರೈವ್ ಹಾಕಿ ಒಂದೊಂದರ ಎದುರೂ ಕೂತು ನೆಕ್ಸ್ಟ್ ಒತ್ತಿ ಒತ್ತಿ ಸಾಕಾಯಿತು. ನೆಟ್‌ವರ್ಕ್ ಬೂಟ್ ಮಾಡಿ ನೋಡಿದೆ, ಪಿಎಕ್ಸ್‌ಇ-ಇ53 ಎಂದು ಬಂದು ನಿಂತಿತು. ರೂಟರ್ ಆಫೀಸಿನಲ್ಲಿದೆ, ಮುಟ್ಟಲು ಬಿಡುವುದಿಲ್ಲ. 5 ಹಳೆ ಮೆಷಿನ್‌ಗಳಲ್ಲಿ ನೆಟ್‌ವರ್ಕ್ ಬೂಟ್ ಎಂಬ ಆಯ್ಕೆಯೇ ಕಾಣುವುದಿಲ್ಲ. ಯಾವ ಪ್ರಶ್ನೆಯನ್ನೂ ಕೇಳದೆ ತಾನಾಗಿಯೇ ಇನ್‌ಸ್ಟಾಲ್ ಆಗುವ ಹಾಗೆ ಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಅದರಲ್ಲೂ ಇ53 ಬಂದದ್ದು ಒಳ್ಳೆಯದೇ ಆಯಿತು ಮಾರಾಯ್ರೇ. ಕೇಬಲ್ ಸರಿ ಉಂಟು, ಸ್ವಿಚ್ ಸರಿ ಉಂಟು, ರೂಟರ್ ಐಪಿಯನ್ನೂ (ನೆಟ್‌ವರ್ಕಿನಲ್ಲಿ ಮೆಷಿನ್‌ನ ವಿಳಾಸ) ಕೊಟ್ಟಿದೆ, ಯಾವ ಫೈಲ್‌ನಿಂದ ಬೂಟ್ ಆಗಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಇ53ರ ಅರ್ಥ ಇಷ್ಟೇ. ಐಪಿಯೇ ಸಿಗದಿದ್ದರೆ ಇ51 ಬರುತ್ತಿತ್ತು. ಕೇಬಲ್ಲೇ ಕೈಕೊಟ್ಟಿದ್ದರೆ ಇ61. ನಮ್ಮ ಕಡಲ ಗಾಳಿಗೆ ಲ್ಯಾನ್ ಕನೆಕ್ಟರಿನ ಪಿನ್ನುಗಳು ಹಸಿರು ಹಿಡಿಯುವುದು ನಿಮಗೆ ನಾನು ಹೇಳಬೇಕಾ? ಇ61 ಕಂಡರೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ, ಮೊದಲು ಕೇಬಲ್ ಬದಲಿಸಿ. ಏಪ್ರಿಲ್-ಮೇ ಸಿಡಿಲಿಗೆ ಪೋರ್ಟೇ ಸುಟ್ಟಿರುವುದೂ ಉಂಟು.

ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಮಂಡೆಬಿಸಿ ಆದದ್ದು ಆ 8 ಟ್ಯಾಲಿ ಮೆಷಿನ್ ನೋಡಿ. ಪ್ರಶ್ನೆ ಕೇಳದ ಇನ್‌ಸ್ಟಾಲ್ ಅಂದರೆ 'ಈ ಡಿಸ್ಕ್ ಪೂರ್ತಿ ಅಳಿಸಲಾ?' ಎಂಬುದನ್ನೂ ಅದು ಕೇಳುವುದಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಬೂಟ್ ಆಗಲಿ.

ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಈ ಪಿಎಕ್ಸ್‌ಇ ಹಳೆ ಸಂಗತಿ. ಇಂಟೆಲ್ ಕಂಪನಿ ತಂದದ್ದು, ಇವತ್ತಿಗೂ ನಡೆಯುತ್ತಿರುವ 2.1 ಆವೃತ್ತಿ 1999ರದ್ದು. ಲ್ಯಾನ್ ಕಾರ್ಡಿನ ಒಳಗಿರುವ ಪುಟ್ಟ ಪ್ರೋಗ್ರಾಂ ಎದ್ದು 'ನನಗೊಂದು ಐಪಿ ಕೊಡಿ, ಬೂಟ್ ಫೈಲ್ ಎಲ್ಲಿದೆ ಹೇಳಿ' ಎಂದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಬೊಬ್ಬೆ ಹಾಕುತ್ತದೆ. ಈ ಎರಡಕ್ಕೂ ಒಬ್ಬರೇ ಉತ್ತರ ಕೊಡಬೇಕೆಂದೇನಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೂರಿಸುವವರು ಒಬ್ಬರು, ಬಡಿಸುವವರು ಇನ್ನೊಬ್ಬರು ಅಲ್ವಾ, ಹಾಗೆ. ಐಪಿಯನ್ನು ಆಫೀಸಿನ ರೂಟರೇ ಕೊಡಲಿ. ಫೈಲ್ ಹೆಸರನ್ನು ಮಾತ್ರ ನಿಮ್ಮ ಲ್ಯಾಬಿನ ಒಂದು ಮೆಷಿನ್ ಹೇಳಲಿ. ಐಪಿ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು, ಹೀಗೆ ಪಕ್ಕದಿಂದ ಫೈಲ್ ಹೆಸರು ಮಾತ್ರ ಹೇಳುವುದಕ್ಕೆ ಪ್ರಾಕ್ಸಿ ಡಿಎಚ್‌ಸಿಪಿ ಎನ್ನುತ್ತಾರೆ.

ಯಾವುದಾದರೂ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ, ಲಿನಕ್ಸ್ ಇದ್ದರೆ ಸಾಕು. ಅದಕ್ಕೊಂದು ಬದಲಾಗದ ಐಪಿ ಇರಲಿ. ಅದರಲ್ಲಿ ಈ ಕೆಲಸ ಮಾಡುವ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ ಹಾಕಿ. ಅದರ ಕಾನ್ಫಿಗ್ ಫೈಲಿನಲ್ಲಿ ಡಿಎನ್‌ಎಸ್ ಪೋರ್ಟನ್ನು ಸೊನ್ನೆ ಮಾಡಿ, ಅಂದರೆ ಹೆಸರು ಹುಡುಕುವ ಕೆಲಸ ಅದಕ್ಕೆ ಬೇಡ. ಡಿಎಚ್‌ಸಿಪಿ ರೇಂಜ್ ಬರೆಯುವ ಸಾಲಿನಲ್ಲಿ ಇಲ್ಲಿಂದ ಇಲ್ಲಿಯವರೆಗೆ ಎಂದು ಬರೆಯದೆ ನೆಟ್‌ವರ್ಕಿನ ವಿಳಾಸ, ಉದಾಹರಣೆಗೆ 192.168.1.0, ಅದರ ಪಕ್ಕದಲ್ಲಿ ಪ್ರಾಕ್ಸಿ ಎಂಬ ಪದ ಹಾಕಿ. ಬೂಟ್ ಫೈಲ್ ಕಳಿಸುವ ಟಿಎಫ್‌ಟಿಪಿ ಆನ್ ಮಾಡಿ, ಫೈಲ್ ಇರುವ ಫೋಲ್ಡರ್ ತೋರಿಸಿ. ಫೈರ್‌ವಾಲ್ ಇದ್ದರೆ ಯುಡಿಪಿಯ 67, 69 ಮತ್ತು 4011ನೇ ಪೋರ್ಟುಗಳು ತೆರೆದಿರಲಿ. ಈ 4011 ಮರೆತು ಅರ್ಧ ದಿನ ಕಳೆದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬ.

ಪ್ರಾಕ್ಸಿ ಎಂಬ ಆ ಒಂದು ಪದ ಬಿಟ್ಟುಹೋಗಿ ನಿಮ್ಮ ಮೆಷಿನ್ ಐಪಿಯನ್ನೂ ಹಂಚಲು ಶುರು ಮಾಡಿದರೆ ಕಥೆ ಬೇರೆ. ಪ್ರಿನ್ಸಿಪಾಲರ ಕಂಪ್ಯೂಟರಿಗೆ ನಿಮ್ಮ ಲ್ಯಾಬಿನಿಂದ ಐಪಿ ಹೋಗಿ, ಇಂಟರ್ನೆಟ್ ನಿಂತು, ಆಮೇಲೆ ನೀವು ಉತ್ತರ ಕೊಡಬೇಕು. ಇನ್ನೊಂದು ತೊಡಕು: ಸ್ವಿಚ್ ಸ್ವಲ್ಪ ದುಬಾರಿಯದ್ದಾಗಿದ್ದು ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಇದ್ದರೆ, ನಿಮ್ಮ ಸರ್ವರಿನ ಉತ್ತರವನ್ನು ಅದು ದಾರಿಯಲ್ಲೇ ಎಸೆದುಬಿಡುತ್ತದೆ. ಆಗ ಸರ್ವರ್ ಇರುವ ಪೋರ್ಟನ್ನು ನಂಬಿಕೆಯ ಪೋರ್ಟ್ ಎಂದು ಗುರುತಿಸಲು ಆಫೀಸಿನವರ ಹತ್ತಿರ ಹೋಗಲೇಬೇಕು. ಅದೇ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ (ಕೇಬಲ್‌ಗಳು ಸುತ್ತು ಹಾಕಿಕೊಳ್ಳದಂತೆ ನೋಡುವ ವ್ಯವಸ್ಥೆ) ಹಳೆ ರೀತಿಯದ್ದಿದ್ದರೆ ಕೇಬಲ್ ಸಂಪರ್ಕ ಸಿಕ್ಕ ಮೇಲೆ ಪೋರ್ಟ್ ತೆರೆಯಲು 30 ಸೆಕೆಂಡ್ ಬೇಕು. ಕೆಲವು ಲ್ಯಾನ್ ಕಾರ್ಡುಗಳಿಗೆ ಅಷ್ಟು ತಾಳ್ಮೆ ಇಲ್ಲ, ಇ51 ಎಂದು ಕೈಚೆಲ್ಲುತ್ತವೆ. ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಸರಿಹೋಗುತ್ತದೆ. ಬರೀ ಸಾದಾ ಸ್ವಿಚ್ ಆದರೆ ಇದ್ಯಾವುದರ ಪಿರಿಪಿರಿಯೂ ಇಲ್ಲ.

ಮುಂದಿನದ್ದು ಯಾವ ಫೈಲ್ ಕೊಡಬೇಕು ಎಂಬುದು. ಮೆಷಿನ್ ಎದ್ದ ಕೂಡಲೇ ಓಡುವ ಒಳಗಿನ ಪ್ರೋಗ್ರಾಂ ಹಳೆ ಬಯೋಸ್ ಆದರೆ ಒಂದು, ಹೊಸ ಯುಇಎಫ್‌ಐ ಆದರೆ ಇನ್ನೊಂದು. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕೇಳುವಾಗಲೇ ಮೆಷಿನ್ ತಾನು ಯಾವ ಜಾತಿ ಎಂದು ಡಿಎಚ್‌ಸಿಪಿಯ ಆಪ್ಷನ್ 93ರಲ್ಲಿ ಹೇಳಿಕೊಳ್ಳುತ್ತದೆ, ಬಯೋಸ್ ಆದರೆ 0, 64 ಬಿಟ್ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಪ್ರತಿ ಜಾತಿಗೂ ಒಂದೊಂದು ಸಾಲು ಬರೆದರಾಯಿತು. ಪರದೆಯಲ್ಲಿ 'ಎನ್‌ಬಿಪಿ ಫೈಲ್ ಡೌನ್‌ಲೋಡ್ ಆಯಿತು' (ಎನ್‌ಬಿಪಿ ಅಂದರೆ ಆ ಬೂಟ್ ಫೈಲೇ) ಎಂದು ಖುಷಿಯ ಸುದ್ದಿ ಬಂದು, ಆಮೇಲೆ ಏನೂ ಆಗದೆ ವಾಪಸ್ ಮೆನುಗೆ ಹೋದರೆ ಎರಡರಲ್ಲಿ ಒಂದು: ಫೈಲ್ ತಪ್ಪು ಜಾತಿಯದ್ದು, ಇಲ್ಲವೇ ಸಹಿ ಇಲ್ಲದ ಫೈಲನ್ನು ಓಡಲು ಬಿಡದ ಸೆಕ್ಯೂರ್ ಬೂಟ್ ಅದನ್ನು ತಡೆದಿದೆ.

ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಒಂದೊಂದೇ ಮೆಷಿನ್‌ನ ಸೆಟಪ್ ಒಳಗೆ ಹೋಗಿ ಆಫ್ ಮಾಡುವುದಾದರೆ ಪೆನ್‌ಡ್ರೈವೇ ವಾಸಿ ಇತ್ತಲ್ಲ! ಬೇಡ. ಉಬುಂಟುವಿನಲ್ಲಿಯೇ ಸಹಿ ಹಾಕಿದ ಶಿಮ್ (ಮೊದಲು ಓಡುವ ಪುಟ್ಟ ಫೈಲ್) ಮತ್ತು ನೆಟ್‌ವರ್ಕಿಗೆಂದೇ ಇರುವ ಗ್ರಬ್ (ಬೂಟ್ ಮೆನು ತೋರಿಸುವ) ಫೈಲ್ ಸಿಗುತ್ತವೆ. ಶಿಮ್ ಫೈಲನ್ನು ಬೂಟ್ ಫೈಲಾಗಿ ಕೊಡಿ, ಗ್ರಬ್ ಫೈಲಿಗೆ ಗ್ರಬ್‌ಎಕ್ಸ್64.ಇಎಫ್‌ಐ (grubx64.efi) ಎಂದು ಹೆಸರಿಟ್ಟು ಅದರ ಪಕ್ಕದಲ್ಲೇ ಇಡಿ, ಶಿಮ್ ಆ ಹೆಸರನ್ನೇ ಹುಡುಕುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆದರೂ ಕೆಲಸ ಕೆಟ್ಟಿತು.

ಟಿಎಫ್‌ಟಿಪಿ ಮೂಲಕ ದೊಡ್ಡ ಫೈಲ್ ಕಳಿಸಲು ಹೋಗಬೇಡಿ. ಅದು ಒಂದು ತುಂಡು ಕಳಿಸಿ, ಸಿಕ್ಕಿತು ಎಂಬ ಉತ್ತರ ಬರುವ ತನಕ ಸುಮ್ನೆ ಕಾದು, ಆಮೇಲೆ ಇನ್ನೊಂದು ತುಂಡು ಕಳಿಸುವ ಜಾತಿ. ಮೂಲ ನಿಯಮದಲ್ಲಿ ಒಂದು ತುಂಡು 512 ಬೈಟ್ ಮಾತ್ರ. ಶಿಮ್, ಗ್ರಬ್, ಕರ್ನಲ್ (ಲಿನಕ್ಸಿನ ತಿರುಳು), ಇನಿಟ್‌ಆರ್‌ಡಿ (ಅದರ ಜೊತೆ ಮೊದಲು ಬರುವ ಫೈಲ್‌ಗಳ ಕಟ್ಟು) ಇಷ್ಟಕ್ಕೆ ಸಾಕು. ಐಎಸ್‌ಒ ಫೈಲನ್ನು, ಅಂದರೆ ಇಡೀ ಇನ್‌ಸ್ಟಾಲ್ ಡಿಸ್ಕಿನ ನಕಲನ್ನು, ಅದೇ ಸರ್ವರಿನಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ಹಾಕಿ ಎಚ್‌ಟಿಟಿಪಿ ಮೂಲಕ ಕೊಡಿ.

24.04ರ ಸರ್ವರ್ ಐಎಸ್‌ಒ ತೆಗೆದುಕೊಳ್ಳಿ, ಡೆಸ್ಕ್‌ಟಾಪಿನದ್ದಲ್ಲ. ಯಾಕೆಂದರೆ ನೆಟ್‌ವರ್ಕಿನಿಂದ ಬೂಟ್ ಆದಾಗ ಇಡೀ ಐಎಸ್‌ಒ ಮೆಷಿನ್‌ನ ರ‍್ಯಾಮಿನಲ್ಲಿ ಬಂದು ಕೂರುತ್ತದೆ. ಸರ್ವರಿನದ್ದು ಯಾವ ಬಿಡುಗಡೆ ಎಂಬುದರ ಮೇಲೆ ಎರಡೂವರೆಯಿಂದ ಮೂರು ಜಿಬಿ ಚಿಲ್ಲರೆ, ಡೆಸ್ಕ್‌ಟಾಪಿನದ್ದು ಆರು ಜಿಬಿ ಹತ್ತಿರ. 8 ಜಿಬಿ ರ‍್ಯಾಮಿಗೆ ಮೊದಲನೆಯದು ಆರಾಮ, ಎರಡನೆಯದು ಉಸಿರು ಕಟ್ಟಿಸುತ್ತದೆ. ಡೆಸ್ಕ್‌ಟಾಪ್ ಬೇಕಾದರೆ ಪ್ಯಾಕೇಜ್ ಪಟ್ಟಿಯಲ್ಲಿ ಬರೆದು ತರಿಸಿಕೊಳ್ಳಬಹುದು. ಹಾಗೆ ತರಿಸುವಾಗ ಟ್ಯಾಲಿಯ 8, ಹಳೆಯ 5 ಬಿಟ್ಟು ಉಳಿದ 27 ಮೆಷಿನ್‌ಗಳೂ ಒಂದೇ ಪ್ಯಾಕೇಜನ್ನು ಇಂಟರ್ನೆಟ್‌ನಿಂದ 27 ಸಲ ಎಳೆಯುವುದು ಬೇಡ. ಸರ್ವರಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಅದು 3142ನೇ ಪೋರ್ಟಿನಲ್ಲಿ ಕೂತು ಒಮ್ಮೆ ತಂದದ್ದನ್ನೇ ಎಲ್ಲರಿಗೂ ಹಂಚುತ್ತದೆ.

ಒಂದು ಸಣ್ಣ ಕಿರಿಕಿರಿ ಮೊದಲೇ ಹೇಳಿಬಿಡುತ್ತೇನೆ. ಗ್ರಬ್ ಮೆನುವಿನ ಕರ್ನಲ್ ಸಾಲಿನಲ್ಲಿ ಯುಆರ್‌ಎಲ್ ಎಂದು ಐಎಸ್‌ಒ ವಿಳಾಸ ಕೊಡಬೇಕು. ಅದನ್ನು ನೋಡಿದ ಕ್ಲೌಡ್-ಇನಿಟ್ (ಶುರುವಿನಲ್ಲಿ ಸೆಟ್ಟಿಂಗ್ ಓದುವ ಪ್ರೋಗ್ರಾಂ) ಅದು ತನಗೇ ಕೊಟ್ಟ ವಿಳಾಸ ಎಂದುಕೊಂಡು ಇಡೀ ಐಎಸ್‌ಒವನ್ನು ಇನ್ನೊಮ್ಮೆ ಎಳೆಯಲು ಹೊರಡುತ್ತದೆ. ಅದೇ ಸಾಲಿನಲ್ಲಿ ಕ್ಲೌಡ್-ಕಾನ್ಫಿಗ್-ಯುಆರ್‌ಎಲ್ ಎಂಬುದನ್ನು ಡೆವ್ ನಲ್‌ಗೆ (/dev/null, ಅಂದರೆ ಏನೂ ಇಲ್ಲದ ಜಾಗಕ್ಕೆ) ತೋರಿಸಿದರೆ ಸುಮ್ಮನಾಗುತ್ತದೆ.

ಈಗ ಉತ್ತರದ ಫೈಲ್. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಬರೆದಿಟ್ಟ ಉತ್ತರ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನಲ್ಲಿ ಇದಕ್ಕೆ ಪ್ರಿಸೀಡ್ ಎನ್ನುತ್ತಾರೆ, ರೆಡ್ ಹ್ಯಾಟ್ ಕಡೆಯವರು ಕಿಕ್‌ಸ್ಟಾರ್ಟ್ ಎನ್ನುತ್ತಾರೆ. ಉಬುಂಟು ಸರ್ವರ್ ಕೂಡ ಮೊದಲು ಪ್ರಿಸೀಡ್ ಬಳಸುತ್ತಿತ್ತು, 20.04ರಿಂದ ಆಟೋಇನ್‌ಸ್ಟಾಲ್ ಬಂತು. ಫೈಲಿನ ಹೆಸರು ಯೂಸರ್-ಡೇಟಾ. ಪಕ್ಕದಲ್ಲಿ ಮೆಟಾ-ಡೇಟಾ ಎಂಬ ಇನ್ನೊಂದು ಫೈಲ್ ಇರಲೇಬೇಕು, ಒಳಗೆ ಏನೂ ಬರೆಯದಿದ್ದರೂ ನಡೆಯುತ್ತದೆ. ಯೂಸರ್-ಡೇಟಾದ ಮೊದಲ ಸಾಲು ಹ್ಯಾಷ್ (#) ಗುರುತಿನ ಜೊತೆ ಕ್ಲೌಡ್-ಕಾನ್ಫಿಗ್ ಎಂದಿರಬೇಕು. ನೋಡಲು ಬರೀ ಕಾಮೆಂಟ್ ಥರ ಕಾಣುತ್ತದೆ, ಅಳಿಸಿದಿರೋ ಇಡೀ ಫೈಲನ್ನೇ ಅದು ಓದುವುದಿಲ್ಲ. ಇಂಡೆಂಟ್‌ಗೆ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಪಾಸ್‌ವರ್ಡನ್ನು ಹಾಗೇ ಬರೆಯಬಾರದು, ಎಮ್‌ಕೆಪಾಸ್‌ಡಬ್ಲ್ಯೂಡಿ (mkpasswd) ಕಮಾಂಡಿನಿಂದ ಹ್ಯಾಷ್ ಮಾಡಿ, ಅಂದರೆ ಮೂಲ ಪದ ಕಾಣದ ರೂಪಕ್ಕೆ ತಿರುಗಿಸಿ, ಹಾಕಿ. ಆ ಹ್ಯಾಷ್ ಕೂಡ ನೆಟ್‌ವರ್ಕಿನಲ್ಲಿ ಯಾರಿಗೆ ಬೇಕಾದರೂ ಕಾಣುತ್ತದೆ, ಕಂಪ್ಯೂಟರ್ ಸೈನ್ಸ್ ಮಕ್ಕಳ ಬಗ್ಗೆ ನಿಮಗೆ ಗೊತ್ತೇ ಇದೆ. ಕೆಲಸ ಮುಗಿದ ದಿನ ವೆಬ್ ಸರ್ವರ್ ನಿಲ್ಲಿಸಿಬಿಡಿ.

ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಎಂದು ಹಾಕಿ. ಪ್ಯಾಕೇಜ್ ಪಟ್ಟಿಯಲ್ಲಿ ಕನ್ನಡ ಫಾಂಟುಗಳದ್ದನ್ನೂ ಸೇರಿಸಿ, ಅದರ ಹೆಸರು ಫಾಂಟ್ಸ್-ಕೆಎನ್‌ಡಿಎ. ಲೋಹಿತ್, ಗುಬ್ಬಿ, ನವಿಲು ಎಲ್ಲ ಅದರ ಜೊತೆ ಬರುತ್ತವೆ.

ಗ್ರಬ್ ಮೆನುವಿನಲ್ಲಿ ಕರ್ನಲ್ ಸಾಲಿಗೆ ಆಟೋಇನ್‌ಸ್ಟಾಲ್ ಎಂಬ ಪದ, ಆಮೇಲೆ ಉತ್ತರದ ಫೈಲ್ ಎಲ್ಲಿದೆ ಎಂಬ ವಿಳಾಸ ಸೇರಿಸಬೇಕು. ವಿಳಾಸದ ನಡುವೆ ಒಂದು ಸೆಮಿಕೋಲನ್ ಬರುತ್ತದೆ. ಗ್ರಬ್‌ಗೆ ಸೆಮಿಕೋಲನ್ ಅಂದರೆ ಸಾಲು ಮುಗಿಯಿತು ಎಂದೇ ಅರ್ಥ. ಹಾಗಾಗಿ ಆ ಭಾಗವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಇಡದಿದ್ದರೆ ಬೂಟ್ ಆಗುತ್ತದೆ, ಇನ್‌ಸ್ಟಾಲರೂ ಬರುತ್ತದೆ, ಭಾಷೆ ಯಾವುದು ಎಂದು ಕೇಳಿ ಕೂರುತ್ತದೆ. ನಿಮಗೆ ಮಾತ್ರ ತಪ್ಪೆಲ್ಲಿ ಎಂದು ಗೊತ್ತಾಗುವುದಿಲ್ಲ.

ಈಗ ಅಳಿಸುವ ವಿಷಯ. ಸುಮಾರು ವರ್ಷಗಳ ಹಿಂದೆ ಮಂಗಳೂರಿನ ಒಂದು ಕಚೇರಿಯಲ್ಲಿ ಇದೇ ಕೆಲಸ ಮಾಡಿದ್ದೆ. ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲು ಇಟ್ಟಿದ್ದೆ, ಮೆನುವಿನಲ್ಲಿ 10 ಸೆಕೆಂಡ್ ಯಾರೂ ಏನೂ ಒತ್ತದಿದ್ದರೆ ಇನ್‌ಸ್ಟಾಲ್ ಶುರು ಎಂದು ಬರೆದಿದ್ದೆ. ಎಲ್ಲ ಚೆನ್ನಾಗಿ ಆಯಿತು, ಸಂಜೆ ಗೋಳಿಬಜೆ ತಿಂದು ಮನೆಗೆ ಹೋದೆ, ಸರ್ವರ್ ಆಫ್ ಮಾಡಲು ಮರೆತೆ. ಜುಲೈ ತಿಂಗಳು. ಮರುದಿನ ಮಧ್ಯಾಹ್ನ ಜೋರು ಗಾಳಿಮಳೆಗೆ ಕರೆಂಟ್ ಹೋಯಿತು, ಜನರೇಟರ್ ಎದ್ದಿತು, ಕಂಪ್ಯೂಟರ್‌ಗಳೆಲ್ಲ ತಾವಾಗಿಯೇ ಆನ್ ಆದವು, ನೆಟ್‌ವರ್ಕಿಗೆ ಹೋಗಿ ಕೇಳಿದವು, ನನ್ನ ಸರ್ವರ್ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಿತು. ಊಟ ಮುಗಿಸಿ ಬಂದವರಿಗೆ ಕಂಡದ್ದು ಹೊಚ್ಚ ಹೊಸ ಖಾಲಿ ಕಂಪ್ಯೂಟರ್‌ಗಳು. ಬೆಳಿಗ್ಗೆಯಿಂದ ಬರೆದ ಲೆಕ್ಕ ಅದರೊಂದಿಗೇ ಹೋಗಿತ್ತು. ಹೇಳಿ ಸುಖ ಇಲ್ಲ. ಆ ಕಚೇರಿಗೆ ಹೋಗುವ ದಾರಿಯಲ್ಲೇ ನಾನು ತುಂಬ ದಿನ ನಡೆಯಲಿಲ್ಲ.

ಅಲ್ಲಿಂದ ಮೇಲೆ ನಾನು ಮಾಡುವುದು ಹೀಗೆ. ಮೆನುವಿನಲ್ಲಿ ಯಾರೂ ಏನೂ ಒತ್ತದಿದ್ದರೆ ಒಳಗಿನ ಡಿಸ್ಕಿನಿಂದಲೇ ಬೂಟ್ ಆಗಬೇಕು, ಇನ್‌ಸ್ಟಾಲ್ ಬೇಕಾದವರು ಬಂದು ಒತ್ತಬೇಕು. ಬೂಟ್ ಕ್ರಮದಲ್ಲಿ ಡಿಸ್ಕೇ ಮೊದಲು ಇರಲಿ, ಇನ್‌ಸ್ಟಾಲ್ ದಿನ ಮಾತ್ರ ಎಫ್12, ಅಥವಾ ನಿಮ್ಮ ಮೆಷಿನ್‌ನ ಕೀ ಯಾವುದೋ ಅದು, ಒತ್ತಿ ನೆಟ್‌ವರ್ಕ್ ಆರಿಸಿ. ಒಂದು ಕೀ ಒತ್ತುವುದಕ್ಕೆ 32 ಸಲ ಓಡಾಡಿದರೆ ಕಾಲೇನೂ ಸವೆಯುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ರೀಬೂಟ್ ಆಗುವುದು ಅದರ ರೂಢಿ, ಅದನ್ನು ಉತ್ತರದ ಫೈಲಿನಲ್ಲಿ ಪವರ್‌ಆಫ್ ಎಂದು ಬದಲಿಸಿ. ತಿರುಗಿ ತಿರುಗಿ ಇನ್‌ಸ್ಟಾಲ್ ಆಗುವ ಗೋಜಿಲ್ಲ, ಯಾವುದು ಮುಗಿಯಿತು ಎಂದು ಬಾಗಿಲಲ್ಲೇ ನಿಂತು ನೋಡಿದರೂ ಗೊತ್ತಾಗುತ್ತದೆ: ಪರದೆ ಕಪ್ಪಾಗಿದ್ದರೆ ಮುಗಿದಂತೆ.

ಇದಕ್ಕಿಂತ ದೊಡ್ಡ ಕಾವಲು ಮ್ಯಾಕ್ ವಿಳಾಸದ್ದು, ಅಂದರೆ ಪ್ರತಿ ಲ್ಯಾನ್ ಕಾರ್ಡಿಗೂ ಇರುವ ಅದರದ್ದೇ ಗುರುತಿನ ಸಂಖ್ಯೆಯದ್ದು. ಎಲ್ಲಕ್ಕೂ ಒಂದೇ ಉತ್ತರದ ಫೈಲ್ ಕೊಟ್ಟರೆ 32 ಮೆಷಿನ್‌ಗೂ ಒಂದೇ ಹೆಸರು ಬರುತ್ತದೆ, ಅದು ಹೇಗೂ ಸರಿಯಲ್ಲ. ಹಾಗಾಗಿ ಪ್ರತಿ ಮೆಷಿನ್‌ನ ಮ್ಯಾಕ್ ವಿಳಾಸದ ಹೆಸರಲ್ಲೇ ಒಂದೊಂದು ಫೋಲ್ಡರ್ ಮಾಡಿ, ಒಳಗೆ ಅದರ ಯೂಸರ್-ಡೇಟಾ ಇಡಿ, ಹೋಸ್ಟ್‌ನೇಮ್ ಮಾತ್ರ ಬೇರೆ ಬೇರೆ. ಒಂದು ಪಟ್ಟಿ ಬರೆದು ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಓಡಿಸಿದರೆ ಎಲ್ಲ ಫೋಲ್ಡರ್ ಒಟ್ಟಿಗೆ ತಯಾರಾಗುತ್ತದೆ. ಬೂಟ್ ಆಗುವ ಮೆಷಿನ್‌ನ ಮ್ಯಾಕ್ ಏನೆಂದು ಗ್ರಬ್‌ಗೆ ಗೊತ್ತಿರುತ್ತದೆ, ವಿಳಾಸದಲ್ಲಿ ಅದನ್ನೇ ಸೇರಿಸುವಂತೆ ಬರೆಯಬಹುದು. ಮ್ಯಾಕ್‌ಗಳನ್ನು ಒಂದೊಂದಾಗಿ ಬರೆದುಕೊಳ್ಳುವ ಕಷ್ಟವೂ ಇಲ್ಲ. ಎಲ್ಲವನ್ನೂ ಒಮ್ಮೆ ನೆಟ್‌ವರ್ಕಿನಿಂದ ಮೆನು ತನಕ ಬೂಟ್ ಮಾಡಿ ನಿಲ್ಲಿಸಿ, ಡಿಎನ್‌ಎಸ್‌ಮಾಸ್ಕ್ ಲಾಗಿನಲ್ಲಿ ಎಲ್ಲವೂ ಸಾಲಾಗಿ ಬಂದಿರುತ್ತವೆ.

ಇದರ ಲಾಭ ಕಂಡಿತಾ? ಪಟ್ಟಿಯಲ್ಲಿ ಇಲ್ಲದ ಮೆಷಿನ್ ಅಕಸ್ಮಾತ್ ಬೂಟ್ ಆದರೂ ಅದಕ್ಕೆ ಉತ್ತರದ ಫೈಲ್ ಸಿಗುವುದಿಲ್ಲ, ಭಾಷೆ ಕೇಳಿ ಸುಮ್ಮನೆ ಕೂರುತ್ತದೆ, ಏನನ್ನೂ ಅಳಿಸುವುದಿಲ್ಲ. ನಿಮ್ಮ 8 ಟ್ಯಾಲಿ ಮೆಷಿನ್‌ಗಳನ್ನು ಪಟ್ಟಿಗೆ ಸೇರಿಸಲೇಬೇಡಿ. ನಾನಾದರೆ ಆ ದಿನ ಅವುಗಳ ಲ್ಯಾನ್ ಕೇಬಲ್ಲನ್ನೂ ಕಿತ್ತಿಡುತ್ತೇನೆ. ವಿಂಡೋಸ್ ಪಕ್ಕದಲ್ಲಿ ಉಬುಂಟು ಬೇಕು ಅಂದರೆ ಖಾಲಿ ಜಾಗದಲ್ಲಿ ಮಾತ್ರ ಹಾಕು ಎನ್ನುವ ದಾರಿ ಆಟೋಇನ್‌ಸ್ಟಾಲ್‌ನಲ್ಲಿ ಉಂಟು, ಆದರೆ ಎಂಟೇ ಎಂಟಕ್ಕೆ, ಅದೂ ಟ್ಯಾಲಿ ಲೆಕ್ಕ ಇರುವಲ್ಲಿ, ಆ ಧೈರ್ಯ ಯಾಕೆ? ಬ್ಯಾಕಪ್ ತೆಗೆದು, ಪೆನ್‌ಡ್ರೈವ್ ಹಾಕಿ, ಕೈಯಲ್ಲೇ ಮಾಡಿ.

ಮೊದಲ ಸಲ ಓಡಿಸುವಾಗ ಇನ್ನೊಂದು ಉಪಾಯ. ಉತ್ತರದ ಫೈಲಿನಲ್ಲಿ 'ಈ ಭಾಗ ಮಾತ್ರ ಕೇಳು' ಎಂದು ಬರೆಯಲು ಅವಕಾಶ ಇದೆ, ಇಂಟರ್ಯಾಕ್ಟಿವ್ ಸೆಕ್ಷನ್ಸ್ ಎಂದು ಅದರ ಹೆಸರು. ಅಲ್ಲಿ ಸ್ಟೋರೇಜ್ ಎಂದು ಹಾಕಿ. ಉಳಿದದ್ದನ್ನೆಲ್ಲ ತಾನೇ ಮಾಡಿ, ಡಿಸ್ಕ್ ಬಂದಾಗ ಮಾತ್ರ ನಿಮ್ಮನ್ನು ಕೇಳುತ್ತದೆ. ಒಂದೇ ಮೆಷಿನ್‌ನಲ್ಲಿ ನೋಡಿ, ಯಾವ ಡಿಸ್ಕ್ ಆರಿಸಿದೆ ಎಂದು ಕಣ್ಣಾರೆ ಕಂಡ ಮೇಲೆ ಆ ಸಾಲು ತೆಗೆಯಿರಿ. ಎಸ್‌ಎಸ್‌ಡಿ ಮತ್ತು ಹಳೆ ಹಾರ್ಡ್‌ಡಿಸ್ಕ್ ಎರಡೂ ಇರುವ ಮೆಷಿನ್ ಇದ್ದರೆ ಎಸ್‌ಎಸ್‌ಡಿಗೇ ಹಾಕು ಎಂದು ಸ್ಪಷ್ಟವಾಗಿ ಬರೆಯಿರಿ.

ಎಷ್ಟು ಹೊತ್ತು ಹಿಡಿಯುತ್ತದೆ? ನೆಟ್‌ವರ್ಕಿನಿಂದ ಬೂಟ್ ಆಗುವ 27 ಮೆಷಿನ್‌ಗೆ ತಲಾ 2.6 ಜಿಬಿ ಹಿಡಿದರೂ 70 ಜಿಬಿ. ಗಿಗಾಬಿಟ್ ಸ್ವಿಚ್ ಆದರೆ ಸೆಕೆಂಡಿಗೆ ಸುಮಾರು 110 ಎಂಬಿ, ಎಂದರೆ 11 ನಿಮಿಷದಲ್ಲಿ ಐಎಸ್‌ಒ ಎಲ್ಲ ಕಡೆ ತಲುಪುತ್ತದೆ. ಹಳೆ 100 ಎಂಬಿಪಿಎಸ್ ಸ್ವಿಚ್ ಆದರೆ ಸೆಕೆಂಡಿಗೆ 11 ಎಂಬಿ, ಅದೇ ಕೆಲಸಕ್ಕೆ ಒಂದೂಮುಕ್ಕಾಲು ಗಂಟೆ. ಸ್ವಿಚ್ಚಿನ ಲೈಟ್ ನೋಡಿ, ಹಳೆಯದಾದರೆ ಮಂಗಳೂರಿನ ಹಂಪನಕಟ್ಟೆ ಕಡೆ ಬಂದಾಗ ಒಂದು ಗಿಗಾಬಿಟ್ ಸ್ವಿಚ್ ತೆಗೆದುಕೊಂಡು ಹೋಗಿ. ಆದರೂ ಎಲ್ಲವನ್ನೂ ಒಟ್ಟಿಗೆ ಒತ್ತಬೇಡಿ, ಎಂಟೆಂಟರ ಹಾಗೆ ಮಾಡಿ. ಸರ್ವರ್ ಮತ್ತು ಸ್ವಿಚ್ ಯುಪಿಎಸ್ ಮೇಲೆ ಇರಲಿ.

ಕೊನೆಗೆ ಆ 5 ಹಳೆ ಮೆಷಿನ್. ಆಯ್ಕೆ ಇಲ್ಲ ಅಂತೀರಲ್ಲ, ಬಯೋಸ್ ಒಳಗೆ ಆನ್‌ಬೋರ್ಡ್ ಲ್ಯಾನ್ ಬೂಟ್ ರಾಮ್ (ROM) ಎಂಬುದು ಡಿಸೇಬಲ್ ಆಗಿರಬಹುದು. ಅದನ್ನು ಎನೇಬಲ್ ಮಾಡಿ, ಸೇವ್ ಮಾಡಿ, ಒಮ್ಮೆ ರೀಬೂಟ್ ಆದ ಮೇಲೆಯೇ ಬೂಟ್ ಪಟ್ಟಿಯಲ್ಲಿ ನೆಟ್‌ವರ್ಕ್ ಕಾಣುತ್ತದೆ. ಅದೂ ಇಲ್ಲ ಅಂದರೆ ಐಪಿಎಕ್ಸ್‌ಇ ಎಂಬ ಪುಟ್ಟ ಪ್ರೋಗ್ರಾಮನ್ನು ಒಂದು ಪೆನ್‌ಡ್ರೈವಿಗೆ ಬರೆಯಿರಿ. ಆ ಪ್ರೋಗ್ರಾಮನ್ನು ತಯಾರಿಸುವಾಗಲೇ ನಿಮ್ಮ ಸರ್ವರಿನ ವಿಳಾಸವನ್ನು ಅದರೊಳಗೆ ಸೇರಿಸಿಬಿಡಬಹುದು. ಲ್ಯಾನ್ ಕಾರ್ಡ್ ಮಾಡದ ಕೆಲಸವನ್ನು ಈ ಪೆನ್‌ಡ್ರೈವ್ ಮಾಡುತ್ತದೆ, ಅಲ್ಲಿಂದ ಮುಂದೆ ಎಲ್ಲವೂ ಸರ್ವರಿನಿಂದಲೇ.

ಅವುಗಳ ರ‍್ಯಾಮ್ 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಉಬುಂಟು ಹಟ ಬಿಡಿ, ಡೆಬಿಯನ್ ಮತ್ತು ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿ. ಅದರ ನೆಟ್‌ಬೂಟ್ ಇನ್‌ಸ್ಟಾಲರಿಗೆ ಐಎಸ್‌ಒ ಬೇಡ, ಕರ್ನಲ್ ಮತ್ತು ಇನಿಟ್‌ಆರ್‌ಡಿ ಎರಡೇ ಸಾಕು. ಪ್ರಿಸೀಡ್ ಫೈಲಿನಲ್ಲಿ ಪಾರ್ಟಿಷನ್ ಖಚಿತಪಡಿಸುವ ಸಾಲುಗಳು ಮೂರು ನಾಲ್ಕು ಬರುತ್ತವೆ, ಮೊದಲ ಸಲ ಅವನ್ನು ಬಿಟ್ಟು ಓಡಿಸಿದರೆ ಅಳಿಸುವ ಮೊದಲು ನಿಂತು ಕೇಳುತ್ತದೆ. ಗ್ರಬ್ ಯಾವ ಡಿಸ್ಕಿಗೆ ಎಂಬ ಸಾಲನ್ನು ಮಾತ್ರ ಮರೆಯಬೇಡಿ. ಇನ್ನೊಂದು, ಐಪಿಎಕ್ಸ್‌ಇ ಮೆನು ಪರದೆಗೆ ಬಂದ ಕೂಡಲೇ ಪೆನ್‌ಡ್ರೈವ್ ಎಳೆದು ಪಕ್ಕದ ಮೆಷಿನ್‌ಗೆ ಹಾಕಿ, ಅಷ್ಟು ಹೊತ್ತಿಗೆ ಅದು ರ‍್ಯಾಮಿನಲ್ಲಿ ಕೂತಿರುತ್ತದೆ. ಅಲ್ಲೇ ಬಿಟ್ಟರೆ ಲಿನಕ್ಸ್ ಮೊದಲ ಡಿಸ್ಕಿಗೆ ಇಡುವ ಎಸ್‌ಡಿಎ ಎಂಬ ಹೆಸರು ಕೆಲವೊಮ್ಮೆ ಪೆನ್‌ಡ್ರೈವಿಗೇ ಸಿಕ್ಕಿ, ಡೆಬಿಯನ್ ಅದರ ಮೇಲೆಯೇ ಇನ್‌ಸ್ಟಾಲ್ ಆಗಲು ಹೊರಡುತ್ತದೆ.